ಕಲ್ಲಿನ ತಲೆಯ ಮೇಲಿನ ಟೊಪ್ಪಿಗೆ

ಮನುಷ್ಯರ ತಲೆ ಅಳೆದು ಅಳೆದು ನನಗೆ ಸಾಕಾಗಿಹೋಗಿತ್ತು. ಹೊನ್ನಾಳಿಯಲ್ಲಿ ನನ್ನದು ನಾಟಕದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿ. ಪರದೆ, ಗದೆ, ಗಡ್ಡ, ಮೀಸೆ ಎಲ್ಲ ಇದ್ದವು. ಆದರೆ ಹಳ್ಳಿಯವರಿಗೆ ಬೇಕಾದದ್ದು ಕಿರೀಟ ಒಂದೇ. ಸುಗ್ಗಿ ಮುಗಿದು ನಾಟಕದ ಹುಚ್ಚು ಏರಿತೆಂದರೆ ದಿನವೂ ಯಾರಾದರೊಬ್ಬರು ಬಂದು ಅಂಗಡಿಯ ಮುಂದೆ ರುಮಾಲು ಬಿಚ್ಚಿ ನಿಲ್ಲುತ್ತಿದ್ದರು. ನಾನು ದಾರ ಸುತ್ತಿ ಅಳತೆ ತೆಗೆಯಬೇಕು. ತಲೆಗೆ ಎಣ್ಣೆ ಹಚ್ಚಿಕೊಂಡೇ ಬಂದಿರುತ್ತಿದ್ದರು. ನಾಟಕದ ದಿನ ನೋಡಿದರೆ ಕಿರೀಟ ಬಿಗಿ ಎನ್ನುವವನು ಒಬ್ಬ, ಸಡಿಲ ಎನ್ನುವವನು ಇನ್ನೊಬ್ಬ. ಅಳತೆ ಕೊಟ್ಟಾಗ ಕೂದಲಿತ್ತು, ಈಗ ಕ್ಷೌರ ಮಾಡಿಸಿದ್ದೀಯಲ್ಲೋ ಮಾರಾಯ ಎಂದರೆ ಅದೂ ನನ್ನದೇ ತಪ್ಪು. ರಾಜನ ಪಾರ್ಟು ಮಾಡುವವನಿಗೆ ನಾಟಕಕ್ಕೆ ಮೊದಲೇ ರಾಜನ ಸಿಟ್ಟು ಬಂದುಬಿಡುತ್ತಿತ್ತು.

ಕಾಗದದ ಮುದ್ದೆ, ಹುಣಸೆ ಬೀಜದ ಅಂಟು, ಮೇಲೆ ಬಂಗಾರದ ಬಣ್ಣದ ಬೇಗಡೆ. ಇಷ್ಟೇ ನನ್ನ ವಿದ್ಯೆ. ಸೈನಿಕನ ಟೋಪಿ ಬೇಕೆಂದರೂ ಅದಕ್ಕೇ ಒಂದು ನವಿಲುಗರಿ ಸಿಕ್ಕಿಸಿ ಕೊಡುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯವರೆಗೂ ಯಾರೂ ಅದನ್ನು ಪ್ರಶ್ನೆ ಮಾಡಿರಲಿಲ್ಲ.

ಆಗ ಚನ್ನಗಿರಿಯಿಂದ ಒಬ್ಬ ಚರಿತ್ರೆಯ ಮೇಷ್ಟ್ರು ಬಂದರು. ತುರುಗೋಳು ಅಂದರೆ ಊರಿನ ದನ ಹೊಡೆದುಕೊಂಡು ಹೋಗುವವರ ಜೊತೆ ನಡೆಯುತ್ತಿದ್ದ ಕಾಳಗ. ಸಾವಿರ ವರ್ಷದ ಹಿಂದಿನ ಅಂಥ ಒಂದು ಕಾಳಗವನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗರಿಂದ ಆಡಿಸಬೇಕೆಂದು ಅವರ ಆಸೆ. ನಾನು ನವಿಲುಗರಿಯ ಟೋಪಿ ತೆಗೆದು ತೋರಿಸಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದನ್ನ ಹಾಕ್ಕೊಂಡು ಹೋದೋನು ದನ ಬಿಡಿಸಿಕೊಂಡು ಬರ್ತಾನೇನ್ರಿ? ದನಾನೇ ಇವನ್ನ ನೋಡಿ ನಗ್ತಾವೆ."

ನನಗೆ ಸಿಟ್ಟು ಬಂತು. ಮತ್ತೆ ಹೆಂಗಿರಬೇಕು ಹೇಳ್ರಿ ಎಂದೆ. ಅವರು ಹೇಳಲಿಲ್ಲ, ತೋರಿಸುತ್ತೇನೆಂದು ಎಳೆದುಕೊಂಡೇ ಹೋದರು. ರಜೆ ಬಂದಾಗಲೆಲ್ಲ ಅವರ ಸೈಕಲ್ಲಿನ ಹಿಂದೆ ಕೂತು ನ್ಯಾಮತಿಯ ಸುತ್ತಮುತ್ತ ಹೊಲ, ಕೆರೆ ಏರಿ, ಹಾಳು ಗುಡಿ ಎಂದು ತಿರುಗಿದೆ. ವೀರಗಲ್ಲು ಕಂಡಲ್ಲೆಲ್ಲ ಮೇಷ್ಟ್ರು ಸೈಕಲ್ ಎಸೆದು ಓಡುತ್ತಿದ್ದರು. ನಾನು ಸೈಕಲ್ ಎತ್ತಿ ನಿಲ್ಲಿಸಿ, ಬೆವರು ಒರೆಸಿಕೊಂಡು, ಅವರ ಹಿಂದೆ ನಡೆಯುತ್ತಿದ್ದೆ. ಕಲ್ಲಿನ ಕೆಳಗಿನ ಸಾಲಿನಲ್ಲಿ ಕಾಳಗ ಇರುತ್ತದಲ್ಲ, ಅಲ್ಲಿ ವೀರನ ತಲೆ ನೋಡಬೇಕು ಎನ್ನುತ್ತಿದ್ದರು. ಹೆಚ್ಚಿನವರದು ಬರೀ ತಲೆ, ಕೂದಲನ್ನು ಎತ್ತಿ ಕಟ್ಟಿದ ತುರುಬು. ಕಿವಿಯ ಮೇಲೆ ಸ್ಪಷ್ಟವಾಗಿ ಒಂದು ಅಂಚು ಕಂಡರೆ ಮಾತ್ರ ಅದು ಶಿರಸ್ತ್ರಾಣ ಎಂದು ಅವರ ನಿಯಮ. ಅಂಥದ್ದು ನಮಗೆ ಸಿಕ್ಕಿದ್ದೇ ಒಂದು ಕಲ್ಲಿನಲ್ಲಿ, ಅದೂ ಮಳೆಗೆ ಸವೆದು ಹೆಬ್ಬೆರಳಿನ ತುದಿಯಷ್ಟೇ ಉಳಿದಿದ್ದ ತಲೆ.

"ಕಲ್ಲು ಹೇಳಿದ್ದು ಇಷ್ಟು. ಉಳಿದದ್ದು ನಿಮಗೆ ಬಿಟ್ಟಿದ್ದು," ಎಂದುಬಿಟ್ಟರು ಮೇಷ್ಟ್ರು.

ನನಗೆ ಬಿಟ್ಟರೆ ಏನಾಗುತ್ತದೆ? ದೊಡ್ಡ ತಗಡು ತರಿಸುವ ಶಕ್ತಿ ನನಗಿರಲಿಲ್ಲ. ಖಾಲಿ ಎಣ್ಣೆ ಡಬ್ಬ ಬಿಚ್ಚಿ, ತಟ್ಟಿ ಸಪಾಟು ಮಾಡಿ, ನಾಲ್ಕು ಎಸಳು ಕತ್ತರಿಸಿ, ಎಸಳಿನ ನಡುವೆ ಪಟ್ಟಿ ಇಟ್ಟು ರಿವಿಟ್ ಹೊಡೆದೆ. ಕೆಳಗೆ ಒಂದು ಅಂಚು, ಎರಡೂ ಕಡೆ ಕಿವಿಮುಚ್ಚಿ. ಒಳಗೆ ನನ್ನ ಹೆಂಡತಿ ಹಳೇ ಸೀರೆ ಮಡಿಸಿ ಕೌದಿ ಹೊಲಿದ ಹಾಗೆ ಹೊಲಿದು ಕೊಟ್ಟಳು. ಅಳತೆಗೆಂದು ಪತ್ರಿಕೆಯ ಹಾಳೆಯಲ್ಲಿ ಕತ್ತರಿಸಿಕೊಂಡಿದ್ದ ನಮೂನೆ ಎಡಗಡೆ ಸ್ವಲ್ಪ ಹರಿದಿತ್ತು. ನಾನು ಗಮನಿಸದೆ ಅದರಂತೆಯೇ ಕತ್ತರಿಸುತ್ತ ಹೋದೆ. ಹಾಗಾಗಿ ಎಲ್ಲ ಟೊಪ್ಪಿಗೆಗಳಿಗೂ ಎಡಗಿವಿಯ ಮುಚ್ಚಿ ಬಲಗಡೆಯದಕ್ಕಿಂತ ಗಿಡ್ಡವಾಯಿತು. ಮೇಷ್ಟ್ರ ಕಣ್ಣಿಗೆ ಅದು ತಕ್ಷಣ ಬಿತ್ತು.

"ಎಡಗಿವಿದು ಯಾಕ್ರಿ ಗಿಡ್ಡ?"

"ಆ ಕಡೆ ಗುರಾಣಿ ಹಿಡೀತಾರಲ್ಲ ಸಾರ್, ಉದ್ದ ಬೇಕಾಗಲ್ಲ," ಎಂದೆ. ಬಾಯಿಗೆ ಬಂದದ್ದು ಅದು. ಮೇಷ್ಟ್ರು ಬಹಳ ಹೊತ್ತು ಯೋಚನೆ ಮಾಡಿ ಇರಬಹುದು, ಇರಬಹುದು ಎಂದು ತಲೆದೂಗಿದರು. ಅವತ್ತಿನಿಂದ ನನಗೆ ಚರಿತ್ರೆಯ ಮೇಲಿದ್ದ ಭಯ ಕಡಿಮೆಯಾಯಿತು.

ವಾರ್ಷಿಕೋತ್ಸವ ನಡೆಯಿತು. ಟೊಪ್ಪಿಗೆಯೊಳಗೆ ಹುಡುಗರ ತಲೆ ಬೆಂದುಹೋಯಿತು, ಕಿವಿ ಮುಚ್ಚಿದ್ದರಿಂದ ಪಕ್ಕದಿಂದ ಹೇಳಿಕೊಡುವ ಮಾತು ಕೇಳಿಸದೆ ಒಬ್ಬರ ಮಾತು ಒಬ್ಬರು ಆಡಿದರು. ಮೇಷ್ಟ್ರಿಗೆ ಮಾತ್ರ ಕಣ್ಣಲ್ಲಿ ನೀರು. ಮುಂದಿನ ವರ್ಷ ಅವರಿಗೆ ವರ್ಗವಾಯಿತು. ಟೊಪ್ಪಿಗೆಗಳು ನನ್ನ ಅಟ್ಟ ಸೇರಿದವು. ಯಾರಿಗೆ ಬೇಕು? ಹೊಳಪಿಲ್ಲ, ಗರಿಯಿಲ್ಲ. ತೋರಿಸಿದವರೆಲ್ಲ ಮೂಗು ಮುರಿದರು. ಒಂದು ಸಲ ಮಾತ್ರ ಜಗಳೂರು ಕಡೆಯ ಒಂದು ನಾಟಕದವರು, ಕಿರೀಟ ಎಲ್ಲ ಬೇರೆ ಊರಿಗೆ ಹೋಗಿದ್ದರಿಂದ ಬೇರೆ ದಾರಿಯಿಲ್ಲದೆ, ಬಾಗಿಲು ಕಾಯುವ ಭಟರಿಗೆ ಇರಲಿ ಎಂದು ಅವನ್ನು ಒಯ್ದರು. ವಾಪಸು ಬಂದಾಗ ಒಂದಕ್ಕೆ ನೆಗ್ಗು ಬಿದ್ದಿತ್ತು. ಕೇಳಿದರೆ ಹಾಸ್ಯಗಾರ ತಮಾಷೆಗೆ ಕೋಲಿನಿಂದ ಹೊಡೆದ, ಜನ ಬಹಳ ನಕ್ಕರು ಎಂದರು.

ಇಷ್ಟಾಗಿ ಒಂದೆರಡು ವರ್ಷದ ಮೇಲೆ, ಎಂಬತ್ತರ ದಶಕ ಶುರುವಾಗಿತ್ತು, ಮಧ್ಯಾಹ್ನದ ಹೊತ್ತು ಒಬ್ಬ ಗಂಡಸು ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತ. ನಲವತ್ತರ ಆಸುಪಾಸಿನವನು, ದೂಳು ಮೆತ್ತಿದ ಕಾಲು. ನೀರು ಕೊಟ್ಟೆ. ಕುಡಿದು, ಜಗಳೂರು ಕಡೆಯ ಸೊಕ್ಕೆಯಿಂದಲೂ ಆಚೆ ತನ್ನ ಊರು ಎಂದ.

"ತಗಡಿನ ಟೊಪ್ಪಿಗೆ ಮಾಡೋರು ನೀವೇನ್ರಿ? ನಮ್ಮವ್ವ ಕಳಿಸ್ಯಾಳೆ. ಒಂದ್ಸಲ ಬಂದು ನಮ್ಮ ಕಲ್ಲು ನೋಡಬೇಕು ನೀವು."

ಕಲ್ಲು ಎಂದೊಡನೆ ನನಗೆ ಸುಸ್ತಾಯಿತು. ಆದರೆ ಅವನು ಹೇಳಿದ ವಿಷಯ ಕೇಳಿ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ.

ಅವರ ಮನೆತನದ ಮೂಲಪುರುಷ ದನ ಬಿಡಿಸಲು ಹೋಗಿ ಸತ್ತವನಂತೆ. ಊರ ಹೊರಗೆ ಅವನ ವೀರಗಲ್ಲಿದೆ. ವರ್ಷಕ್ಕೊಮ್ಮೆ ಆ ಕಾಳಗವನ್ನು ಮನೆತನದವರು ಆಡಿ ತೋರಿಸಲೇಬೇಕು. ದನಗಳ್ಳರಾಗಿ ಬರುವವರು ಇವರ ಬೀಗರು, ಕೈಯಲ್ಲಿ ನಿಜವಾದ ಬಡಿಗೆ. ವೀರನಾಗಿ ನಿಲ್ಲುವ ಪಾಳಿ ಒಂದೊಂದು ವರ್ಷ ಒಬ್ಬೊಬ್ಬರದು. ಅವನು ರುಮಾಲು ತೆಗೆದಿಟ್ಟು ಬರಿದಲೆಯಲ್ಲಿ ಹೋಗಬೇಕು, ಕೊನೆಯ ಏಟು ತಲೆಗೆ ಬಿದ್ದು ಅವನು ನೆಲಕ್ಕೆ ಉರುಳಬೇಕು. ಹಗುರವಾಗಿ ಹೊಡೆಯಬೇಕೆಂಬುದು ಮಾತು. ಆದರೆ ಹೊಡೆಯುವವನ ಮೈಮೇಲೆ ಆವೇಶ ಬಂದಾಗ ಮಾತು ಎಲ್ಲಿ ನಿಲ್ಲುತ್ತದೆ?

"ನಮ್ಮಪ್ಪ ಹಂಗೇ ಹೋದ," ಎಂದ ಆತ. "ಹೋದ ವರ್ಷ ನಮ್ಮ ದೊಡ್ಡಪ್ಪನ ಮಗನಿಗೆ ಬಿತ್ತು. ಜೀವ ಐತೆ, ಮಾತಿಲ್ಲ. ಯಾರ ಗುರುತೂ ಹತ್ತಲ್ಲ. ಈ ವರ್ಷ ನನ್ನ ತಮ್ಮನ ಪಾಳಿ."

ನಿಲ್ಲಿಸಿಬಿಡಿ ಎಂದೆ. ಅವನು ನಕ್ಕ. ಹೊರಗಿನವರಿಗೆ ಹಾಗೆ ಹೇಳುವುದು ಸುಲಭ ಎಂದು ಆ ನಗೆಯಲ್ಲೇ ಇತ್ತು. ತಲೆಗೆ ಏನಾದರೂ ಹಾಕಿಕೊಳ್ಳಲಿ ಎಂದೆ. ಅದಕ್ಕೂ ದೊಡ್ಡಪ್ಪ ಒಪ್ಪುವುದಿಲ್ಲ. ಕಲ್ಲಿನಲ್ಲಿ ವೀರ ಹೇಗಿದ್ದಾನೋ ಹಾಗೆಯೇ ಹೋಗಬೇಕು, ಒಂದು ದಾರವೂ ಹೆಚ್ಚಿರಬಾರದು ಎನ್ನುವುದು ಕಟ್ಟು.

"ಆದ್ರೆ ನಮ್ಮವ್ವ ಹೇಳ್ತಾಳೆ, ಕಲ್ಲಿನಾಗೆ ಅವನ ತಲೆ ಮ್ಯಾಲೆ ಟೊಪ್ಪಿಗೆ ಐತೆ ಅಂತ. ಹೆಣ್ಣುಮಕ್ಕಳ ಮಾತು ಯಾರು ಕೇಳ್ತಾರ್ರೀ. ತಿಳಿದೋರು ಬಂದು ಹೇಳಿದ್ರೆ ದೊಡ್ಡಪ್ಪ ಕೇಳ್ಬಹುದು."

ತಿಳಿದವನು ನಾನಂತೆ! ಮೇಷ್ಟ್ರು ಇದ್ದಿದ್ದರೆ ಅವರ ಮೇಲೆ ಹಾಕಿ ತಪ್ಪಿಸಿಕೊಳ್ಳುತ್ತಿದ್ದೆ. ಹೋಗದೆ ಇರುವುದಕ್ಕೂ ಮನಸ್ಸಾಗಲಿಲ್ಲ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಜಗಳೂರಿನಲ್ಲಿ ಮತ್ತೊಮ್ಮೆ ಬದಲಿಸಿ, ಕೊನೆಗೆ ಬಿಸಿಲಲ್ಲಿ ನಡೆದು ಆ ಊರು ಮುಟ್ಟಿದಾಗ ನನ್ನ ಸೊಂಟ ಹಿಡಿದುಕೊಂಡಿತ್ತು. ಊರಿಗೆ ಕಾಲಿಡುತ್ತಲೇ ಮೊದಲು ಕಂಡದ್ದು ದೊಡ್ಡಪ್ಪನ ಮನೆಯ ಕಟ್ಟೆ. ಅದರ ಮೇಲೆ ನಲವತ್ತು ದಾಟಿದ ಗಂಡಸೊಬ್ಬ ಕಂಬಕ್ಕೆ ಒರಗಿ ಕೂತಿದ್ದ. ಪಕ್ಕದಲ್ಲಿ ಹೆಂಡತಿ ರೊಟ್ಟಿ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಇಡುತ್ತಿದ್ದಳು. ಅಗಿಯುವುದನ್ನು ಮರೆತರೆ ಗದ್ದ ತಟ್ಟಿ ನೆನಪಿಸುತ್ತಿದ್ದಳು. ಹಣೆಯಿಂದ ನೆತ್ತಿಯವರೆಗೆ ಕೂದಲಿಲ್ಲದ ಒಂದು ಗೆರೆ ಕಾಣುತ್ತಿತ್ತು. ನಾನು ಅವತ್ತಿನವರೆಗೆ ನೂರಾರು ತಲೆ ಮುಟ್ಟಿದ್ದವನು, ಆ ತಲೆಯ ಕಡೆ ಎರಡನೇ ಸಲ ನೋಡಲು ನನ್ನಿಂದ ಆಗಲಿಲ್ಲ.

ಊಟ ಮುಗಿಸಿ, ಊರಿನವರು ಸೇರುವ ಮುಂಚೆ ಒಬ್ಬನೇ ನೋಡಿ ಬರುತ್ತೇನೆಂದು ಕಲ್ಲಿನ ಹತ್ತಿರ ಹೋದೆ. ಮೇಲೊಂದು ಚಪ್ಪಡಿ, ಮೂರು ಕಡೆ ಗೋಡೆ, ಸಣ್ಣ ಗೂಡಿನಂಥ ಗುಡಿ. ಎಣ್ಣೆ ಕುಡಿದು ಕುಡಿದು ಕಲ್ಲು ಕರ್ರಗಾಗಿತ್ತು. ಬಗ್ಗಿ ನೋಡಿದೆ.

ವೀರನ ತಲೆಯ ಮೇಲೆ ಟೊಪ್ಪಿಗೆ ಇತ್ತು. ಇದೆಯೋ ಇಲ್ಲವೋ ಎನ್ನುವಂಥದ್ದಲ್ಲ, ಎದ್ದು ಕಾಣುವಂಥದ್ದು. ಕಿವಿಯ ಮೇಲೆ ಅಂಚು, ನಾಲ್ಕು ಎಸಳು, ನಡುವೆ ಪಟ್ಟಿ, ಪಟ್ಟಿಯ ಉದ್ದಕ್ಕೂ ರಿವಿಟ್ಟಿನ ಚುಕ್ಕಿ. ನಾನು ಎಣ್ಣೆ ಡಬ್ಬದಲ್ಲಿ ಮಾಡಿದ್ದು ಹೇಗಿತ್ತೋ ಹಾಗೆಯೇ. ಸಾವಿರ ವರ್ಷದ ಹಿಂದಿನ ಕಮ್ಮಾರನಿಗೂ ನನ್ನ ಹಾಗೆ ದೊಡ್ಡ ತಗಡು ಸಿಕ್ಕಿರಲಿಲ್ಲ ಎಂದುಕೊಂಡೆ. ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಬದುಕಿನಲ್ಲಿ ಮೊದಲ ಸಲ ನನ್ನ ಕೆಲಸದ ಮೇಲೆ ನನಗೆ ಹೆಮ್ಮೆಯಾಯಿತು. ಮೇಷ್ಟ್ರ ವಿಳಾಸ ಹುಡುಕಿ ಈ ಸುದ್ದಿ ತಿಳಿಸಬೇಕು, ಅವರು ಕುಣಿದುಬಿಡುತ್ತಾರೆ ಎಂದೆಲ್ಲ ಯೋಚನೆ ಓಡಿತು. ಅಷ್ಟರಲ್ಲಿ ಕಿವಿಯ ಹತ್ತಿರ ಕಣ್ಣು ಹೋಯಿತು. ಎಡಗಡೆಯ ಕಿವಿಮುಚ್ಚಿ ಗಿಡ್ಡವಾಗಿತ್ತು.

ಸಾವಿರ ವರ್ಷದ ಹಿಂದಿನವರು ಹರಿದ ಪತ್ರಿಕೆಯಿಂದ ನಮೂನೆ ಕತ್ತರಿಸಿಕೊಂಡಿರಲಿಕ್ಕಿಲ್ಲ. ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದೆ. ಬೆರಳು ಒಳಗೆ ಹೋಯಿತು.

"ಹಂಗೆ ಒತ್ತಬ್ಯಾಡಪ್ಪ. ಬಿಸಿಲು ಹೊತ್ತಿನಾಗೆ ಮೆತ್ತಗಿರ್ತೈತೆ."

ಹಿಂದೆ ತಿರುಗಿದೆ. ನನ್ನನ್ನು ಕರೆಯಲು ಬಂದಿದ್ದವನ ತಾಯಿ. ಬೋಳು ಹಣೆ, ಸೆರಗು ತಲೆಯ ಮೇಲೆ, ಕೈಯಲ್ಲೊಂದು ಸಣ್ಣ ಮರದ ಡಬ್ಬಿ. ಆಕೆ ಬಂದು ನನ್ನ ಪಕ್ಕದಲ್ಲಿ ಕೂತು, ನನ್ನ ಹೆಬ್ಬೆರಳು ಮಾಡಿದ ಗುಳಿಯನ್ನು ತನ್ನ ಬೆರಳಿನಿಂದ ತೀಡಿ ಸರಿಮಾಡಿದಳು. ಇದೇನವ್ವ ಎಂದೆ.

"ಮ್ಯಾಣ."

ಆಗಿನ ಕಾಲದ ಹೆಂಗಸರು ಹಣೆಗೆ ಮೊದಲು ಮೇಣ ತೀಡಿ, ಅದರ ಮೇಲೆ ಕುಂಕುಮ ಇಡುತ್ತಿದ್ದರು. ಹಾಗೆ ಇಟ್ಟರೆ ದಿನವಿಡೀ ಅಳಿಸುವುದಿಲ್ಲ. ಪ್ರತಿ ಮನೆಯಲ್ಲೂ ಕನ್ನಡಿಯ ಪಕ್ಕ ಒಂದು ಮೇಣದ ಡಬ್ಬಿ ಇರುತ್ತಿತ್ತು, ನಮ್ಮ ಮನೆಯಲ್ಲೂ ಇತ್ತು.

"ನಮ್ಮ ಮಾವ ಹೋದಾಗ ನಮ್ಮತ್ತೆ ತನ್ನ ಡಬ್ಬಿ ತಂದು ಇಲ್ಲಿ ಹಚ್ಚಿದ್ಲು. ಹಣೆಗೆ ಬೇಕಾಗ್ಲಿಲ್ಲ, ಇವನ ತಲೆಗಾದ್ರೂ ಆಗ್ಲಿ ಅಂತ. ಆಮ್ಯಾಲೆ ನಂದು. ನಮ್ಮ ಮನೆತನದಾಗೆ ಡಬ್ಬಿ ಖಾಲಿ ಮಾಡಿದೋರು ಬಹಳ ಮಂದಿ ಅದಾರಪ್ಪ. ಬೂದಿ ಕಲಸ್ತೀವಿ, ದೀಪದ ಮಸಿ ಕಲಸ್ತೀವಿ, ಕಲ್ಲಿನ ಬಣ್ಣ ಬರಬೇಕಲ್ಲ. ದಿನಾ ಒಂದಿಷ್ಟು. ಗಂಡಸರಿಗೆ ಗೊತ್ತಿಲ್ಲ. ಅವರು ವರ್ಷಕ್ಕೊಂದ್ಸಲ ಬಂದು ಅಡ್ಡ ಬಿದ್ದು ಹೋಗ್ತಾರೆ, ಕಣ್ಣೆತ್ತಿ ಎಲ್ಲಿ ನೋಡ್ತಾರೆ?"

"ಈ ಎಸಳು, ಚುಕ್ಕಿ?"

"ಮೊದ್ಲು ಬರೀ ಗುಂಡಗಿತ್ತು. ಟೊಪ್ಪಿಗೆ ಹೆಂಗಿರ್ತೈತೆ ಅಂತ ನಾವೇನು ಕಂಡೀವಾ? ಆಗ ಜಗಳೂರು ಕಡೆ ನಾಟಕ ನೋಡಾಕೆ ಹೋಗಿದ್ವಿ. ಆ ಹಾಸ್ಯದವನು ಭಟನ ತಲೆಗೆ ಕೋಲು ತಗೊಂಡು ಬಿಟ್ಟ. ಠಣ್ ಅಂತು. ಹೊಡಿಸ್ಕೊಂಡೋನು ನಕ್ಕೊಂಡು ನಿಂತಿದ್ದ. ಎಲ್ಲಾರೂ ನಕ್ರು. ನನಗೆ ನಗು ಬರ್ಲಿಲ್ಲ. ಆಟ ಮುಗಿದ ಮ್ಯಾಲೆ ಪರದೆ ಹಿಂದೆ ಹೋಗಿ ಅದನ್ನ ಕೈಯಾಗೆ ಹಿಡ್ಕೊಂಡು ನೋಡಿದ್ನಪ್ಪ. ಮಾಡಿದೋರು ಯಾರು ಅಂತ ಕೇಳಿದೆ. ಚುಕ್ಕಿ ಹುರುಳಿಕಾಳಿನಿಂದ ಒತ್ತಿದ್ದು."

ನನ್ನ ಹೆಮ್ಮೆ ಬಂದ ದಾರಿಯಲ್ಲೇ ಹೋಯಿತು. ನಾಚಿಕೆಯೂ ನಗುವೂ ಒಟ್ಟಿಗೆ ಬಂದವು, ಅವಳ ಮುಖ ನೋಡಿ ಎರಡನ್ನೂ ನುಂಗಿದೆ. ಒಳಗೆ ನಿಜವಾಗಿ ಏನಿದೆ ಎಂದು ಕೇಳಿದೆ.

"ನಾ ನೋಡಿಲ್ಲ. ನಮ್ಮತ್ತೆ ನೋಡಿದ್ಲು. ಬರೀ ತುರುಬಂತೆ."

ಆಕೆ ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ಆಕೆ ನನ್ನ ಮುಖ ನೋಡದೆ ಹೇಳಿದಳು. "ನೀವು ಸುಳ್ಳು ಹೇಳ್ರಿ ಅನ್ನಲ್ಲ. ಕಣ್ಣಿಗೆ ಏನು ಕಾಣ್ತೈತೋ ಅದನ್ನ ಹೇಳ್ರಿ ಸಾಕು."

ಸಂಜೆ ಮನೆತನದವರೆಲ್ಲ ಕಲ್ಲಿನ ಮುಂದೆ ಸೇರಿದರು. ಗಂಡಸರು ಮುಂದೆ, ಹೆಂಗಸರು ದೂರದಲ್ಲಿ ಗುಂಪಾಗಿ. ನನ್ನನ್ನು ಕರೆದುತಂದವನ ತಮ್ಮ, ಈ ವರ್ಷದ ಪಾಳಿಯವನು, ಒಂದು ಮೂಲೆಯಲ್ಲಿ ನಿಂತಿದ್ದ. ಇಪ್ಪತ್ತೈದರ ಹುಡುಗ, ದಟ್ಟ ಕೂದಲು, ಯಾವಾಗಲೂ ಅದರಲ್ಲಿ ಕೈ ಆಡಿಸುವ ಅಭ್ಯಾಸ. ಅವನಿಗೆ ಭಯವಿತ್ತು, ಭಯವಿಲ್ಲ ಎಂದು ತೋರಿಸಲು ಹಲ್ಲು ಕಿರಿಯುತ್ತಿದ್ದ. ದೊಡ್ಡಪ್ಪ ಎಲ್ಲರಿಗಿಂತ ಕೊನೆಗೆ ಬಂದರು. ಎತ್ತರದ ಮುದುಕ, ಮಾತು ಕಡಿಮೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ನಾನು ಮೇಷ್ಟ್ರಿಂದ ಕಲಿತ ಮಾತುಗಳನ್ನೆಲ್ಲ ಹರಡಿದೆ. ತುರುಬು ಹೇಗಿರುತ್ತದೆ, ಶಿರಸ್ತ್ರಾಣ ಹೇಗಿರುತ್ತದೆ, ಕಿವಿಯ ಮೇಲಿನ ಅಂಚು ಯಾಕೆ ಮುಖ್ಯ. ದೀಪ ಹಿಡಿದು ತೋರಿಸಿದೆ. ಗಂಡಸರು ಒಬ್ಬರ ಮೇಲೊಬ್ಬರು ಬಗ್ಗಿ ನೋಡಿ, ಹೌದಲ್ಲೋ, ಇಷ್ಟು ವರ್ಷ ನಮಗೆ ಕಂಡೇ ಇಲ್ಲವಲ್ಲೋ ಎಂದು ಬೆರಗಾದರು. ಗಿಡ್ಡ ಕಿವಿಮುಚ್ಚಿಗೆ ಗುರಾಣಿಯ ಕಥೆಯನ್ನೂ ಹೇಳಿದೆ.

ದೊಡ್ಡಪ್ಪ ಬಗ್ಗಲಿಲ್ಲ. ನಿಂತಲ್ಲಿಂದಲೇ ಹೇಳಿದರು.

"ನನ್ನ ಮಗ ಬರಿದಲೆಗೆ ಹೋದ. ನನ್ನ ತಮ್ಮ ಬರಿದಲೆಗೆ ಹೋದ. ಇವತ್ತು ಹೊನ್ನಾಳಿಯಿಂದ ಯಾರೋ ಬಂದು ಟೊಪ್ಪಿಗೆ ಐತೆ ಅಂದ್ರೆ ನಂಬಾಕೆ ಆಗಲ್ಲ. ಎಣ್ಣೆ ಜಿಡ್ಡು ಎಷ್ಟು ಕಟ್ಟೈತೋ ಏನೋ. ಬಿಸಿನೀರು ತರ್ರಿ. ತೊಳೆದು ನೋಡೋಣ."

ಒಂದು ಕೊಡ ಬಿಸಿನೀರು ಬಿದ್ದರೆ ಅಷ್ಟೂ ವರ್ಷದ ಮೇಣ ಕರಗಿ ನೆಲಕ್ಕೆ ಇಳಿಯುತ್ತಿತ್ತು, ಆ ಹುಡುಗ ಬರಿದಲೆಯಲ್ಲಿ ಬಡಿಗೆಯ ಮುಂದೆ ನಿಲ್ಲುತ್ತಿದ್ದ. ನನಗೆ ತಡೆಯಲಾಗಲಿಲ್ಲ. "ತೊಳೆಯೋದು ಬ್ಯಾಡ್ರಿ ಯಜಮಾನ್ರೆ. ಬಿಸಿನೀರು ಬಿದ್ರೆ ಹಳೇ ಕಲ್ಲು ಸೀಳ್ತೈತೆ," ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

ದೊಡ್ಡಪ್ಪ ನನ್ನ ಮುಖವನ್ನೇ ನೋಡಿದರು. "ಹಂಗಾದ್ರೆ ಮುಟ್ಟಿ ನೋಡ್ತೀನಿ. ಮುಟ್ಟಿದ್ರೆ ಸೀಳಲ್ಲ ಅಲ್ಲ?"

ಅವರು ಗೂಡಿನೊಳಗೆ ಬಗ್ಗಿದರು. ದೀಪ ಹಿಡಿದವನು ನಾನು, ಅವರ ಪಕ್ಕದಲ್ಲೇ ಇದ್ದೆ. ಅವರ ಹೆಬ್ಬೆರಳು ಟೊಪ್ಪಿಗೆಯ ನೆತ್ತಿಯ ಮೇಲೆ ಒತ್ತಿತು. ಉಗುರಿನವರೆಗೆ ಒಳಗೆ ಹೋಯಿತು. ಅವರು ಬೆರಳನ್ನು ಅಲ್ಲೇ ಇಟ್ಟುಕೊಂಡು ನಿಂತರು. ಆಮೇಲೆ ಹೊರಗೆ ತೆಗೆದು ಮೂಸಿದರು. ಹೆಂಡತಿ ಇದ್ದ ಗಂಡಸಿಗೆ ಆ ವಾಸನೆ ಗೊತ್ತಾಗದೆ ಇರುವುದಿಲ್ಲ. ತಲೆಯೆತ್ತಿ ದೂರದಲ್ಲಿ ನಿಂತ ಹೆಂಗಸರ ಕಡೆ ನೋಡಿದರು. ಅಲ್ಲಿ ಅವರ ತಮ್ಮನ ಹೆಂಡತಿ ಇದ್ದಳು, ಇನ್ನೂ ಎಷ್ಟೋ ಬೋಳು ಹಣೆಗಳಿದ್ದವು, ಮಗನಿಗೆ ರೊಟ್ಟಿ ತಿನ್ನಿಸುವ ಸೊಸೆ ಇದ್ದಳು. ಯಾರೂ ತಲೆ ತಗ್ಗಿಸಲಿಲ್ಲ.

ಮುದುಕರು ಹೆಗಲ ಮೇಲಿನ ವಸ್ತ್ರದಿಂದ ಹೆಬ್ಬೆರಳನ್ನು ಚೆನ್ನಾಗಿ ಒರೆಸಿಕೊಂಡರು.

"ಐತೆ," ಎಂದರು. "ಕಲ್ಲೇ. ಟೊಪ್ಪಿಗೆ ಐತೆ. ಮಾಡಿಸ್ಕೊಳ್ರಿ."

ಅಷ್ಟು ಹೇಳಿ ಯಾರಿಗೂ ಕಾಯದೆ ಮನೆಗೆ ನಡೆದರು.

ಆ ಟೊಪ್ಪಿಗೆಯನ್ನು ಮಾಡಿದಷ್ಟು ಜತನದಿಂದ ನಾನು ಬೇರೆ ಏನನ್ನೂ ಮಾಡಿಲ್ಲ. ಎಣ್ಣೆ ಡಬ್ಬದ ತಗಡು ನಂಬುವ ಹಾಗಿರಲಿಲ್ಲ. ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರಿನ ಡ್ರಮ್ಮು ಒಂದನ್ನು ಹುಡುಕಿ, ಕಮ್ಮಾರರ ಕುಲುಮೆಗೆ ಒಯ್ದು, ಕಾಯಿಸಿ ಬಡಿಸಿದೆ. ಎಡಗಿವಿಯದನ್ನು ಗಿಡ್ಡವಾಗಿಯೇ ಬಿಡಬೇಕಾಯಿತು, ಕಲ್ಲಿನಲ್ಲಿ ಹಾಗಿದೆಯಲ್ಲ. ಹೆಂಡತಿಗೆ ಕಥೆ ಹೇಳಿದೆ. ಅವಳು ಕೌದಿಗೆ ಇನ್ನೂ ಒಂದು ಪದರ ಸೇರಿಸಿ ಹೊಲಿದಳು. ಸಿದ್ಧವಾದ ಮೇಲೆ ಅದನ್ನು ನನ್ನ ತಲೆಗೆ ಹಾಕಿಕೊಂಡು, ಹೊಡೆಯೇ ಎಂದು ಅವಳ ಕೈಗೆ ಒನಕೆ ಕೊಟ್ಟೆ. ಮೊದಲು ಹಿಂದೆ ಮುಂದೆ ನೋಡಿದಳು. ಆಮೇಲೆ ಬಿಟ್ಟ ಏಟಿನಲ್ಲಿ ನನ್ನ ಹಲ್ಲೆಲ್ಲ ಅದುರಿತು, ತಲೆಗೆ ಏನೂ ಆಗಲಿಲ್ಲ. ಅಂಗಡಿಯ ಎಷ್ಟು ವರ್ಷದ ಸಿಟ್ಟು ಅದರಲ್ಲಿತ್ತೋ, ನಾನು ಕೇಳಲಿಲ್ಲ.

ಕಾಳಗದ ದಿನ ನಾನು ಅಲ್ಲಿದ್ದೆ. ವರ್ಣಿಸುವಂಥದ್ದು ಏನೂ ಇಲ್ಲ. ದೂಳು, ಕೂಗಾಟ, ದಿಕ್ಕಾಪಾಲಾಗಿ ಓಡುವ ದನ. ಬಡಿಗೆ ಹಿಡಿದು ಬಂದ ಬೀಗರಲ್ಲಿ ಒಬ್ಬನ ಕಣ್ಣು ಮೇಲೆ ಸಿಕ್ಕಿಕೊಂಡಿದ್ದನ್ನು ನಾನೇ ನೋಡಿದೆ. ಅವನು ಎರಡೂ ಕೈಯಿಂದ ಎತ್ತಿ ಬಿಟ್ಟ. ಠಣ್ ಎಂದಿತು. ಹುಡುಗ ಉರುಳಿ ಬಿದ್ದ. ಬಿದ್ದವನು ಪದ್ಧತಿಯ ಪ್ರಕಾರ ಹೆಣದ ಹಾಗೆ ಮಲಗಿರಬೇಕು, ದೊಡ್ಡಪ್ಪ ಬಂದು ನೀರು ಚಿಮುಕಿಸಿದ ಮೇಲೆ ಏಳಬೇಕು. ಆ ಹೊತ್ತು ಎಷ್ಟು ಉದ್ದವಾಯಿತೆಂದರೆ, ನಾನು ಬಡಿಸಿದ ತಗಡಿನ ಒಂದೊಂದು ಜೋಡಣೆಯೂ ಕಣ್ಣ ಮುಂದೆ ಬಂದು ಹೋಯಿತು. ನೀರು ಬಿತ್ತು. ಹುಡುಗ ಎದ್ದು ಕೂತು ಕೆಮ್ಮಿದ. ಟೊಪ್ಪಿಗೆ ತೆಗೆದು, ಕೂದಲಲ್ಲಿ ಕೈಯಾಡಿಸಿ, ಕೈ ನೋಡಿಕೊಂಡ. ರಕ್ತ ಇರಲಿಲ್ಲ. ಹೆಂಗಸರ ಗುಂಪಿನಿಂದ ಯಾರೋ ಬಿಕ್ಕಿದ್ದು ಕೇಳಿಸಿತು. ನಾನೂ ಮುಖ ಆಚೆ ತಿರುಗಿಸಿಕೊಂಡು ಅತ್ತೆ.

ಮಾರನೆಯ ಬೆಳಿಗ್ಗೆ ಬಸ್ಸಿಗೆ ಹೊರಟೆ. ದಾರಿ ಕಲ್ಲಿನ ಮುಂದೆಯೇ ಹಾಯುತ್ತಿತ್ತು. ಗೂಡಿನ ಮುಂದೆ ಆ ತಾಯಿ ಕೂತು, ಅಂಗೈಯಲ್ಲಿ ಬೂದಿ ಕಲಸಿದ ಮೇಣವನ್ನು ನಾದುತ್ತಿದ್ದಳು. ನನಗೆ ಆಶ್ಚರ್ಯವಾಯಿತು.

"ಇನ್ನು ಯಾಕವ್ವ? ನಿನ್ನ ಮಗ ಉಳಿದ. ದೊಡ್ಡೋರು ಒಪ್ಪಿದ್ರು. ಟೊಪ್ಪಿಗೆ ಮನೇಲೇ ಐತೆ."

"ಬಿಸಿಲಿಗೆ ಕರಗ್ತೈತಪ್ಪ," ಎಂದಳು. "ಒಂದು ಬ್ಯಾಸಿಗಿ ಕೈ ಬಿಟ್ರೆ ತುರುಬು ಕಾಣ್ತೈತೆ. ಆಮ್ಯಾಲೆ ಯಾವನಾದ್ರೂ ನೋಡಿ ಹೇಳ್ತಾನೆ, ಕಲ್ಲಿನಾಗೆ ಟೊಪ್ಪಿಗೆ ಇಲ್ಲ ಅಂತ. ನಮಗೆ ಇದು ಬಿಡಾಕೆ ಬರಲ್ಲ."

ಅವಳ ಪಕ್ಕದಲ್ಲಿ ಎಲೆಯಲ್ಲಿ ಸುತ್ತಿದ ಮೇಣದ ದೊಡ್ಡ ಉಂಡೆ ಇತ್ತು. ಯಾವ ಹೆಂಗಸಿನ ಡಬ್ಬಿಯಲ್ಲೂ ಅಷ್ಟು ಹಿಡಿಸುವುದಿಲ್ಲ. ಇಷ್ಟೊಂದು ಎಲ್ಲಿಂದ ಬಂತು ಎಂದೆ. ಆಕೆ ಊರಿನ ಕಡೆ, ದೊಡ್ಡಪ್ಪನ ಮನೆಯ ಕಟ್ಟೆಯ ಕಡೆ ನೋಡಿದಳು.

"ನಮ್ಮ ಭಾವಾರು ಮೊನ್ನೆ ಜಗಳೂರು ಸಂತಿಗೆ ಹೋಗಿದ್ರು. ರಾತ್ರಿ ಬಂದು ಬಾಗ್ಲಾಗೆ ಇಟ್ಟು ಹೋದ್ರು." ಮೇಣವನ್ನು ವೀರನ ನೆತ್ತಿಗೆ ಒತ್ತುತ್ತ ಹೇಳಿದಳು. "ಮುಂದಿನ ವರ್ಷ ಅವರ ಮೊಮ್ಮಗನ ಪಾಳಿ."